ಹತ್ತನೇ ತೂಬಿನವರೆಗೆ

ನನಗೆ ಚೆನ್ನಾಗಿ ಬರೆಯಲು ಬರುವ ಚಿತ್ರ ಒಂದೇ. ಅದು ಶ್ವಾಸಕೋಶದ್ದು. ಗುಲಾಬಿ, ನವಿಲು, ಕಳಶ, ಏನನ್ನು ಬರೆಯಲು ಹೋದರೂ ಎಲ್ಲೋ ಒಂದು ಕಡೆ ಸೊಟ್ಟಗಾಗುತ್ತದೆ. ಶ್ವಾಸಕೋಶವನ್ನು ಮಾತ್ರ ಒಗ್ಗರಣೆಗೆ ಎಣ್ಣೆ ಕಾಯುವಷ್ಟರಲ್ಲಿ ಬರೆದು ಮುಗಿಸುತ್ತೇನೆ.

ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಜೀವಶಾಸ್ತ್ರ ಹೇಳುತ್ತಿದ್ದ ಸಿಸ್ಟರ್ ಕೊಟ್ಟ ವಿದ್ಯೆ ಇದು. ಅವರದು ಸಣ್ಣ ದನಿ, ಸದಾ ಚೂಪಾಗಿರುವ ಪೆನ್ಸಿಲ್. ಉಸಿರುಗೊಳವೆ ಎದೆಯೊಳಗಿಳಿದು ಎರಡು ಕವಲಾಗುತ್ತದೆ, ಆ ಕವಲು ಮತ್ತೆ ಕವಲಾಗುತ್ತದೆ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ. “ತಾಯಿಗಿಂತ ಮಗಳು ಸಣ್ಣ, ಮಗಳಿಗಿಂತ ಮೊಮ್ಮಗಳು ಸಣ್ಣ. ಬೇಜಾರಾಯಿತು ಅಂತ ನಿಲ್ಲಿಸಬೇಡಿ, ಪೆನ್ಸಿಲ್ ಮೊನೆಯ ಕೈಲಿ ಇನ್ನು ಆಗಲ್ಲ ಅಂದಾಗ ನಿಲ್ಲಿಸಿ” ಎನ್ನುತ್ತಿದ್ದರು. ಒಂದು ದಿನ ಹಳೆಯ ಗ್ರೀಟಿಂಗ್ ಕಾರ್ಡೊಂದರ ನಡುವೆ ನಾಲ್ಕಾಣೆಯಗಲದ ತೂತು ಕತ್ತರಿಸಿ ತಂದು ನನ್ನ ಚಿತ್ರದ ಮೇಲಿಟ್ಟರು.

“ಏನು ಕಾಣುತ್ತೆ?”

“ಕವಲು, ಸಿಸ್ಟರ್.”

ಕಾರ್ಡನ್ನು ಕೆಳಗೆ, ಸಣ್ಣ ಗೆರೆಗಳ ಮೇಲೆ ಸರಿಸಿದರು. “ಈಗ?”

“ಈಗಲೂ ಕವಲೇ.”

“ಚಿತ್ರ ನೋಡದೇ ಇರುವ ಹುಡುಗಿಯೊಬ್ಬಳನ್ನು ಕರೆದು ಈ ತೂತಿನಲ್ಲಿ ನೋಡು ಅಂದರೆ, ಇದು ದೊಡ್ಡ ಕೊಂಬೆಯೋ ಚಿಕ್ಕ ಕೊಂಬೆಯೋ ಹೇಳುತ್ತಾಳಾ?”

ಯಾರಿಂದಲೂ ಆಗುವುದಿಲ್ಲ ಎಂದು ಒಪ್ಪಿಕೊಂಡೆವು. ಹೀಗೆ ಕವಲೊಡೆಯುತ್ತ ಹೋಗಿರುವುದರಿಂದಲೇ ಎದೆಗೂಡಿನಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಗಾಳಿಗೆ ಎಡೆ ಸಿಕ್ಕಿದೆ, ಎಲ್ಲವನ್ನೂ ಬಿಚ್ಚಿ ಹರವಿದರೆ ಈ ತರಗತಿಯ ನೆಲವೇ ಮುಚ್ಚಿಹೋಗುತ್ತದೆ ಎಂದರು ಸಿಸ್ಟರ್. ನಾನು ನೆಲದ ಮೂಲೆಮೂಲೆ ನೋಡಿ, ನನ್ನ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದು ಇಂದಿಗೂ ನೆನಪಿದೆ. ಆ ತೂತಿನ ಕಾರ್ಡು ನನ್ನ ರೆಕಾರ್ಡ್ ಪುಸ್ತಕದಲ್ಲೇ ಉಳಿಯಿತು. ಮದುವೆಯಾದ ಮೇಲೆ ಪುಸ್ತಕದ ಜೊತೆ ನಂಜನಗೂಡಿಗೂ ಬಂತು.

ಇಡೀ ಆಕಾರವೇ ಅದರ ತುಣುಕಿನಲ್ಲೂ, ತುಣುಕಿನ ತುಣುಕಿನಲ್ಲೂ ಕಾಣಿಸುವುದಕ್ಕೆ ಫ್ರ್ಯಾಕ್ಟಲ್ ಎನ್ನುತ್ತಾರೆಂದು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ, ಪತ್ರಿಕೆಯೊಂದರ ವಿಜ್ಞಾನದ ಪುಟದಲ್ಲಿ. ಓದುವಾಗ ಹೊಸದೇನೂ ಅನ್ನಿಸಲಿಲ್ಲ. ಅಷ್ಟರಲ್ಲಿ ಅದನ್ನು ನಮ್ಮ ಮಾವನವರು ನನಗೆ ಪಾಠ ಮಾಡಿ ಆಗಿತ್ತು.

ಅವರು ನೀರುಗಂಟಿ. ಕಬಿನಿಯ ಬಲದಂಡೆ ನಾಲೆಯಲ್ಲಿ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ಹಂಚುವ ಕೆಲಸ. ಓದು ಬರಹ ಸಹಿಯ ಮಟ್ಟಿಗೆ. ಅವರೂ ಅತ್ತೆಯೂ ಟಿ. ನರಸೀಪುರದ ಅಂಚಿನಲ್ಲಿದ್ದರು. ನಾವು ನಂಜನಗೂಡಿನಲ್ಲಿ. ನನ್ನ ಯಜಮಾನರಿಗೆ ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ ನಮ್ಮ ಮಗಳಿಗೆ ಎಂಟು ತುಂಬಿತ್ತು. ಚಿಕ್ಕಂದಿನಿಂದ ಅವಳಿಗೆ ಉಬ್ಬಸ. ಉಬ್ಬಸ ಬರುವ ಮುಂಚೆಯೇ ನನಗೆ ಗೊತ್ತಾಗುತ್ತಿತ್ತು. ಮಾತಿನ ನಡುವೆ, ನಿಲ್ಲಬಾರದ ಕಡೆ ನಿಲ್ಲುತ್ತಿದ್ದಳು. ಯೂನಿಫಾರಂ ಗುಂಡಿ ಹಾಕುವಾಗ ಕತ್ತಿನ ಬುಡದ ಗುಳಿ ಉಸಿರಿಗೊಮ್ಮೆ ಒಳಕ್ಕೆ ಹೋಗಿಬರುತ್ತಿತ್ತು. ಮೈಸೂರಿನ ಡಾಕ್ಟರು ಪರೀಕ್ಷಿಸಿ, ಅಂಗೈಯಲ್ಲಿ ಅಡಗುವಂಥ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟರು. ಅದರೊಳಗೆ ಒಂದು ಕ್ಯಾಪ್ಸೂಲ್ ಇಟ್ಟು ತಿರುಗಿಸಿದರೆ ಕ್ಯಾಪ್ಸೂಲ್ ಒಡೆದು ಪುಡಿ ಬೀಳುತ್ತದೆ. ಬಾಯಿಗಿಟ್ಟು ಜೋರಾಗಿ ಎಳೆದುಕೊಳ್ಳಬೇಕು, ಸ್ವಲ್ಪ ಹೊತ್ತು ಉಸಿರು ಹಿಡಿಯಬೇಕು, ಆಮೇಲೆ ಬಾಯಿ ಮುಕ್ಕಳಿಸಬೇಕು. “ಇದು ಉಸಿರು ಕಟ್ಟಿದಾಗ ಕೊಡೋ ಮದ್ದಲ್ಲಮ್ಮ, ಕಟ್ಟದೇ ಇರಲಿ ಅಂತ ಕೊಡೋದು. ಚೆನ್ನಾಗಿದ್ದಾಳೆ ಅಂತ ಒಂದು ದಿನವೂ ಬಿಡಬೇಡಿ” ಎಂದರು.

ನಾಲ್ಕು ತಿಂಗಳು ಉಬ್ಬಸದ ಸುಳಿವೇ ಇರಲಿಲ್ಲ. ಹಾಗಾಗಿ ಕ್ರಿಸ್‌ಮಸ್ ರಜೆಗೆ ಅವಳನ್ನು ನರಸೀಪುರದಲ್ಲಿ ಬಿಟ್ಟುಬರುವಾಗ ನನಗೆ ಅಳುಕಿರಲಿಲ್ಲ. ಕ್ಯಾಪ್ಸೂಲಿನ ಡಬ್ಬಿ, ಕೊಳವೆ ಎರಡನ್ನೂ ಅತ್ತೆಯ ಕೈಗಿಟ್ಟು ಹೇಳಿದೆ: “ದಿನಾ ಎರಡು ಹೊತ್ತು, ಒಂದೊಂದು, ಅತ್ತೆ. ತಪ್ಪಿಸಬೇಡಿ. ಹೇಗೆ ಅಂತ ಅವಳಿಗೇ ಗೊತ್ತು.”

ಅಷ್ಟೇ ಹೇಳಿದೆ. ಮೂರು ಪುಟ್ಟ ವಾಕ್ಯ. ಈ ಕಥೆಯಲ್ಲಿ ಮೊದಲ ತಪ್ಪು ಅದು, ಅದು ನನ್ನದು.

ಏಳನೆಯ ದಿನ ಬೆಳಿಗ್ಗೆ ಮನೆ ಮಾಲೀಕರ ಫೋನಿಗೆ ಕರೆ ಬಂತು. ಅತ್ತೆ. “ಕೂಸು ಮಾತಾಡ್ತಿಲ್ಲ ಕಣವ್ವ. ಬರೀ ಉಸ್ರು ಎಳ್ಕೊಂಡು ಕುಂತದೆ. ನಿಮ್ಮಾವ ಆಸ್ಪತ್ರೆಗೆ ಎತ್ಕೊಂಡೋದ್ರು.” ಭತ್ತ ಬಡಿಯುವ ಕಾಲ. ಪಕ್ಕದ ಕಣದ ದೂಳು ಎರಡು ದಿನದಿಂದ ಮನೆಯೊಳಗೇ ಇತ್ತಂತೆ.

ಸಿಕ್ಕಿದ ಬಸ್ಸು ಹತ್ತಿ ನಾವು ಹೋಗಿ ಸೇರುವಷ್ಟರಲ್ಲಿ ಮಗಳ ಮುಖಕ್ಕೆ ಮಾಸ್ಕ್ ಹಾಕಿ, ಯಂತ್ರದಿಂದ ಮದ್ದನ್ನು ಹಬೆಯಂತೆ ಬಿಡುತ್ತಿದ್ದರು. ಮೊಣಕಾಲಿನ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ಅತ್ತೆ ಅವಳ ಬೆನ್ನು ಸವರುತ್ತಿದ್ದರು. ಕತ್ತಿನ ಗುಳಿ ನಿಧಾನವಾಗಿ ತುಂಬಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಮಗಳು “ನಂಗೆ ಹಸಿವು” ಎಂದಳು. ನಾನು ಆಗ ಕೂತೆ.

ಅಲ್ಲಿದ್ದ ಲೇಡಿ ಡಾಕ್ಟರು ಕೇಳಿದರು: “ದಿನಾ ತಗೊಳ್ಳೋ ಮದ್ದು ತಪ್ಪಿಸಿದ್ರಾ?”

“ಇಲ್ಲ ಕಣ್ ತಾಯಿ” ಎಂದರು ಅತ್ತೆ. “ಒಂದೊತ್ತೂ ತಪ್ಸಿಲ್ಲ. ಕ್ಯಾಪ್ಸೂಲ್ ಬಿಚ್ಚಿ, ಜೇನುತುಪ್ಪದಲ್ಲಿ ಕಲ್ಸಿ, ನಾನೇ ಕೈಯಾರ ನೆಕ್ಸಿದೀನಿ.”

ಡಾಕ್ಟರು ಪೆನ್ನು ಕೆಳಗಿಟ್ಟರು.

ಅತ್ತೆಯ ಲೆಕ್ಕ ಸರಿಯಾಗಿಯೇ ಇತ್ತು. ಆ ಮನೆಯಲ್ಲಿ ಬಜೆ, ಶುಂಠಿ, ಕಾಳುಮೆಣಸು ಯಾವುದೇ ಮದ್ದಾಗಲಿ, ತೇದು ಜೇನಿನಲ್ಲಿ ಕಲಸಿ ನೆಕ್ಕಿಸಿಯೇ ಮೂವರು ಮಕ್ಕಳನ್ನು ಬೆಳೆಸಿದ್ದರು. “ಆ ಪೀಪಿಗಾಕಿ ಎಳ್ದಾಗೆಲ್ಲ ಕೂಸ್ಗೆ ಕೆಮ್ಮು ಬತ್ತಿತ್ತು. ಪೀಪಿ ಯಾಕೆ ಅಂದ್ಕಂಡೆ. ಮದ್ದು ತಾನೆ, ಒಟ್ಟೆಗೋದ್ರೆ ಸಾಕಲ್ವಾ?”

“ಸಾಕಾಗಲ್ಲ ಅಜ್ಜಿ. ಹೊಟ್ಟೆಗೆ ಹೋದ್ರೆ ಏನೂ ಕೆಲಸ ಮಾಡಲ್ಲ, ಎದೆಗೇ ಹೋಗಬೇಕು. ಇವತ್ತು ಇಳೀತು. ಹೀಗೇ ಬಿಟ್ರೆ ಮತ್ತೆ ಬರ್ತೀರ. ಆಗಲೂ ಇಷ್ಟು ಸಲೀಸಾಗಿ ಇಳಿಯುತ್ತೆ ಅಂತ ನಾನು ಹೇಳಲ್ಲ.”

ಸಂಜೆ ಮನೆಯಲ್ಲಿ ನಾನು ಕೊಳವೆಗೆ ಕ್ಯಾಪ್ಸೂಲ್ ಹಾಕಿ ಮಗಳ ಮುಂದೆ ಹಿಡಿದೆ. ಅವಳು ಬಾಯಿ ಬಿಗಿದಳು. “ಬೇಡ. ಪೀಪಿ ಅಭ್ಯಾಸ ಆದ್ರೆ ಆಮೇಲೆ ಪೀಪಿ ಇಲ್ದೆ ಉಸಿರೇ ಬರಲ್ಲ. ಅಜ್ಜಿ ಹೇಳಿದ್ರು.” ಗದರಿಸಿ ಬಾಯಿಗಿಟ್ಟಿದ್ದಕ್ಕೆ ಒಳಗೆಳೆಯುವ ಬದಲು ಊದಿದಳು. ಬಿಳಿ ಪುಡಿಯೆಲ್ಲ ಫ್ರಾಕಿನ ಮೇಲೆ.

“ನಾಳೆ ಬೆಳಿಗ್ಗೆ ಕರ್ಕೊಂಡು ಹೊರಡೋಣ. ಇನ್ನು ಇಲ್ಲಿ ಬಿಡೋ ಮಾತೇ ಬೇಡ” ಎಂದರು ನನ್ನ ಯಜಮಾನರು. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತುಹೋಯಿತು. ಅತ್ತೆ ಕೇಳಿಸಿಕೊಂಡಿದ್ದರು.

ಹೊರಡುವುದು ಸುಲಭವಿತ್ತು. ಆದರೆ ಮಗಳ ತಲೆಯೊಳಗೆ ಕೂತ ಆ ಮಾತೂ ನಮ್ಮ ಜೊತೆಗೇ ಬಸ್ಸು ಹತ್ತುತ್ತಿತ್ತಲ್ಲ! ನಂಜನಗೂಡಿನಲ್ಲೂ ಅವಳು ಊದುವವಳೇ. ಅವಳಿಗೆ ಅಜ್ಜಿಯ ಮಾತೇ ಮಾತು. ಅಜ್ಜಿ ಒಪ್ಪದೆ ಆ ಪುಡಿ ಅವಳ ಎದೆಗಿಳಿಯುವುದಿಲ್ಲ. ಅತ್ತೆಗೆ ಎದುರಾಡಿ ನನಗೆ ಅಭ್ಯಾಸವಿಲ್ಲ. ನನಗೆ ಬರುತ್ತಿದ್ದುದು ಒಂದೇ.

ಬೆಳಿಗ್ಗೆ ಜಗಲಿಯ ಕೆಂಪು ಕಾವಿಯ ನೆಲ ಒರೆಸಿ, ರಂಗೋಲಿ ಬಟ್ಟಲು ಹಿಡಿದು ಕೂತೆ. ಗಂಟಲು ಬರೆದೆ, ಉಸಿರುಗೊಳವೆ ಇಳಿಸಿದೆ, ಎರಡು ಕವಲು ಮಾಡಿದೆ, ನಾಲ್ಕು ಮಾಡಿದೆ, ಎಂಟು ಮಾಡಿದೆ. ಬೆರಳ ಸಂದಿಯಿಂದ ಪುಡಿ ಕೂದಲೆಳೆಯಷ್ಟು ಸಣ್ಣಗೆ ಬೀಳುವವರೆಗೆ ಬಿಡಲಿಲ್ಲ. ಜಗಲಿಯಂಚಿನಲ್ಲಿ ಕೂತಿದ್ದ ಮಗಳು ತೂಗುತ್ತಿದ್ದ ಕಾಲು ನಿಲ್ಲಿಸಿ ನೋಡತೊಡಗಿದಳು. ಅತ್ತೆ ಮೊರ ಹಿಡಿದು ಬಂದವರು ಬಾಗಿಲಲ್ಲೇ ನಿಂತರು.

“ಇದ್ಯಾವ ರಂಗೋಲಿನವ್ವ? ಒಂದು ಚುಕ್ಕಿನೂ ಇಲ್ಲ, ಎಳೇನೂ ಕೂಡ್ಸಿಲ್ಲ. ಕಾನ್ವೆಂಟಲ್ಲಿ ಇಂಗೇನಾ ಕಲ್ಸದು?”

“ರಂಗೋಲಿ ಅಲ್ಲ ಅತ್ತೆ. ಇದು ನಿಮ್ಮ ಮೊಮ್ಮಗಳ ಎದೆಯ ಒಳಗೆ.”

ಅಷ್ಟರಲ್ಲಿ ಮಾವನವರು ಬೆಳಗಿನ ನಾಲೆ ಸುತ್ತು ಮುಗಿಸಿ ಬಂದರು. ಕೋಲನ್ನು ಗೋಡೆಗೊರಗಿಸಿ, ಚಿತ್ರ ತುಳಿಯದಂತೆ ಬಳಸಿಬಂದು, ಕುಕ್ಕುರುಗಾಲಲ್ಲಿ ಕೂತು ತುಂಬಾ ಹೊತ್ತು ನೋಡಿದರು.

“ಏನವ್ವಾ, ನಮ್ಮ ನಾಲೆ ನಕಾಶೆನೇ ಬರ್ದಿದೀಯಲ್ಲ?”

“ಇಲ್ಲ ಮಾವ, ಶ್ವಾಸಕೋಶ. ಉಸಿರು ಹೋಗೋ ದಾರಿ.”

“ಯಾವ್ದೋ ಒಂದು. ದೊಡ್ಡ ನಾಲೆ, ಉಪನಾಲೆ, ಅದ್ರಿಂದ ಕಾಲ್ವೆ, ಕಾಲ್ವೆಯಿಂದ ಮಡೆ, ಮಡೆಯಿಂದ ಗದ್ದೆ. ಎಲ್ಲಿ ನಿಂತು ನೋಡಿದ್ರೂ ಒಂದೇ ತರ. ಮೂವತ್ತೊರ್ಸದಿಂದ ಇದ್ರ ಮೇಲೇ ನಡೀತಿದೀನಿ, ನಂಗೊತ್ತಿಲ್ವಾ?” ಎಂದರು. ಆಮೇಲೆ ಮೊದಲ ಕವಲಿನ ಹತ್ತಿರ ಬೆರಳಿಟ್ಟರು. “ಇಲ್ಲಿ ತಪ್ಪಾಗದೆ ಕಣವ್ವ. ಎರಡೂ ಸಮ ಬರ್ದಿದೀಯ. ಹರಿಯೋದು ಯಾವ್ದೂ ಸಮ ಸೀಳಲ್ಲ. ಒಂದು ಅಗಲ ಇದ್ದೇ ಇರ್ತದೆ, ನೆಟ್ಟಗೂ ಇಳೀತದೆ.”

ನನಗೆ ಕೆನ್ನೆ ಬಿಸಿಯಾಯಿತು. ಸಿಸ್ಟರ್ ಎಷ್ಟು ಸಲ ಹೇಳಿದ್ದರು, ಬಲಗಡೆಯ ಕವಲು ಅಗಲ, ಹೆಚ್ಚು ನೇರ ಎಂದು! ಅಂದವಾಗಿ ಕಾಣಲಿ ಎಂದು ನಾನು ಸಮ ಮಾಡಿಬಿಟ್ಟಿದ್ದೆ. ಸೆರಗಿನ ತುದಿಯಿಂದ ಅಳಿಸಿ ತಿದ್ದಿದೆ. ತಿದ್ದಿದ ಮೇಲೆ ಅದು ನಿಜವಾದ ಎದೆಯ ಹಾಗೆ ಕಂಡಿತು. ಮಾವನವರು ತಲೆಯಾಡಿಸಿದರು.

ಬ್ಯಾಗಿನಲ್ಲಿ ಮಗಳ ಕಥೆಪುಸ್ತಕದೊಳಗೆ ಗುರುತಿಗೆಂದು ಇಟ್ಟಿದ್ದ ಆ ತೂತಿನ ಕಾರ್ಡನ್ನು ತಂದು ಅವರ ಕೈಗೆ ಕೊಟ್ಟೆ. ಅದನ್ನು ಚಿತ್ರದ ಮೇಲೆ ಅಲ್ಲಿಲ್ಲಿ ಇಟ್ಟು ಒಂದು ಕಣ್ಣು ಮುಚ್ಚಿ ನೋಡಿದರು. ನಕ್ಕರು. ಮಗಳು ಎದ್ದು ಬಂದು “ತಾತ, ನಂಗೆ ಕೊಡಿ” ಎಂದು ಕಿತ್ತುಕೊಂಡಳು.

“ಕಾಯ್ಲೆ ಎಲ್ಲಿರದು?” ಕೇಳಿದರು ಮಾವನವರು.

ನಾನು ತುದಿಯ ಗೆರೆಗಳನ್ನು ತೋರಿಸಿದೆ. “ಈ ಸಣ್ಣ ಸಣ್ಣ ಕವಲುಗಳ ಒಳಗೋಡೆ ಊದಿಕೊಳ್ಳುತ್ತೆ ಮಾವ, ಕಫ ಕಟ್ಟುತ್ತೆ. ಗಾಳಿ ಆಡಲ್ಲ.”

“ಊಳು ತುಂಬ್ತದೆ ಅನ್ನು, ಕೆಸ್ರು ಕಟ್ಕೊಂಡಂಗೆ. ಕೊನೇ ಭಾಗ ತಾನೆ? ಯಾವಾಗ್ಲೂ ಅಲ್ಲೇ ಕಷ್ಟ. ಮೇಲ್ನೋರಿಗೆ ಗೊತ್ತೇ ಆಗಲ್ಲ.”

ಆಮೇಲೆ ನಾನು ಉಸಿರುಗೊಳವೆಯ ಪಕ್ಕದಲ್ಲೇ ಇನ್ನೊಂದು ಕೊಳವೆ ಎಳೆದೆ. ಅದಕ್ಕೆ ಕವಲಿಲ್ಲ. ನೆಟ್ಟಗೆ ಇಳಿದು ಒಂದು ಚೀಲ ಸೇರುತ್ತದೆ. “ಇದು ಅನ್ನದ ದಾರಿ. ಜೇನಿನಲ್ಲಿ ನೆಕ್ಕಿದ್ದು ಇಲ್ಲಿಗೆ ಹೋಗುತ್ತೆ.”

ಮಾವನವರು ಎರಡನ್ನೂ ನೋಡಿದರು, ಅತ್ತೆಯನ್ನೂ ನೋಡಿದರು. “ಏನಮ್ಮಿ! ಬಲದಂಡೆ ಗದ್ದೆ ಒಣಗ್ತಾ ಅವೆ, ನೀನು ಎಡದಂಡೆಗೆ ನೀರು ಬಿಟ್ಕೊಂಡು ಕುಂತಿದೀಯಲ್ಲ!”

ಅತ್ತೆ ಸುಲಭಕ್ಕೆ ಬಿಡುವವರಲ್ಲ. “ನೀರು ನೀರೇ ಅಲ್ವಾ? ಎಲ್ಲೋ ಒಂದ್ಕಡೆ ಸೇರ್ಕೋತದೆ. ಕಾವೇರಿ, ಕಪಿಲೆ ನಮ್ಮೂರಲ್ಲೇ ಸೇರಲ್ವಾ?”

“ಸೇರದು ಕೆಳಗೆ. ಗದ್ದೆ ಇರದು ಮೇಲೆ.”

ಅತ್ತೆಯ ಕೈಯಲ್ಲಿದ್ದ ಮೊರ ಕೆಳಗಿಳಿಯಿತು. ಆದರೂ ಕೇಳಿದರು, “ಅಷ್ಟು ಒಳ್ಳೇ ಮದ್ದಾದ್ರೆ ಬಾಯ್ ಮುಕ್ಕಳ್ಸಿ ಅಂತ ಯಾಕೇಳ್ತಾರೆ?” ಒಳ್ಳೆಯ ಪ್ರಶ್ನೆ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ: ದಾರಿಯಲ್ಲಿ ಗಂಟಲಿಗೆ ಅಂಟಿದ್ದು ಅಲ್ಲೇ ಉಳಿದರೆ ಹುಣ್ಣಾಗಬಹುದು, ಅದಕ್ಕೆ. ಅಭ್ಯಾಸವಾಗಿಬಿಡುವ ಮದ್ದಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದನ್ನೂ ತಿಳಿಸಿದೆ. “ಮಡೆ ತಿರುವಿ ಬಂದೋನು ಕಾಲು ತೊಳ್ಯಲ್ವಾ?” ಎಂದರು ಮಾವನವರು. ಅತ್ತೆ ನನ್ನ ಕಡೆ ತಿರುಗಿ, “ಮೊದ್ಲೇ ಇಂಗೆ ಬರ್ದು ತೋರ್ಸಕ್ಕೇನಾಗಿತ್ತವ್ವ ನಿಂಗೆ? ತಪ್ಪಿಸ್ಬೇಡಿ ಅಂದೆ, ಒಂಟೋದೆ. ನಾನೇನು ತಪ್ಪಿಸಿದ್ನಾ?” ಎಂದರು.

“ಇಲ್ಲ ಅತ್ತೆ. ತಪ್ಪು ನನ್ನದು. ಎಲ್ಲಿಗೆ ಹೋಗಬೇಕು ಅಂತ ನಾನು ಹೇಳಲೇ ಇಲ್ಲ.”

ಮಾವನವರು ಮಗಳನ್ನು ಎದುರಿಗೆ ಕೂರಿಸಿಕೊಂಡರು. “ಕೆಮ್ಮು ಯಾಕೆ ಬತ್ತಿತ್ತು ಗೊತ್ತಾ ಮಗಾ? ನೀನು ತೂಬು ಅರ್ಧ ಎತ್ತಿದ್ದೆ. ಅರ್ಧ ಎತ್ತಿದ್ರೆ ನೀರು ದಾರೀಲೇ ಇಂಗೋಗ್ತದೆ, ಕೊನೇ ಗದ್ದೆಗೆ ಮುಟ್ಟಲ್ಲ. ಎತ್ತಿದ್ರೆ ಪೂರ್ತಿ ಎತ್ಬೇಕು. ಆಮೇಲೆ ಇಳಿಸ್ಬುಟ್ಟು ನೀರು ನಿಲ್ಲಿಸ್ಬೇಕು. ನಾನು ತೂಬು ಎಣಿಸ್ತೀನಿ, ಹತ್ತನೇದು ಅನ್ನೋಗಂಟ ಉಸ್ರು ಬಿಡ್ಬಾರ್ದು. ಬಿಟ್ರೆ ಕೊನೇ ಗದ್ದೆಯೋರು ಬಂದು ನನ್ನ ಬೈತಾರೆ.”

“ಬೈತಾರಾ?”

“ಬೈತಾರಾ? ಒಡೆಯಕ್ಕೇ ಬತ್ತಾರೆ!”

ಮಗಳು ಅಜ್ಜಿಯ ಮುಖ ನೋಡಿದಳು. ಇಡೀ ಬೆಳಗು ನಾನು ಕಾದಿದ್ದು ಆ ಒಂದು ನೋಟಕ್ಕೆ. ಅತ್ತೆ ಮೊರ ಕೆಳಗಿಟ್ಟು, ನನ್ನ ಕೈಯಿಂದ ಕೊಳವೆ ತೆಗೆದುಕೊಂಡು, ಕ್ಯಾಪ್ಸೂಲ್ ಹೇಗೆ ಹಾಕುವುದು ಎಂದು ನನ್ನನ್ನೇ ಕೇಳಿ, ಹಾಕಿ, ತಿರುಗಿಸಿ, ಸೆರಗಿನಿಂದ ಅದರ ಬಾಯಿ ಒರೆಸಿ ಕೊಟ್ಟರು. “ಎಳ್ಕೋ ಕೂಸೇ. ಪೂರ್ತಿ.”

ಮಗಳು ಎಳೆದಳು. ಹೆಗಲು ಕಿವಿಗೆ ತಗಲುವಷ್ಟು ಎಳೆದಳು. ಮಾವನವರು ರಂಗೋಲಿಯ ಗೆರೆಯ ಮೇಲೆ ಬೆರಳು ಸರಿಸುತ್ತ ಎಣಿಸಿದರು. “ಒಂದ್ನೇ ತೂಬು. ಎಲ್ಡ್ನೇ ತೂಬು. ಮೂರ್ನೇದು...” ಐದನೆಯದಕ್ಕೆ ಅವಳ ಕಣ್ಣು ಅಗಲವಾಯಿತು. ಎಂಟಕ್ಕೆ ನನ್ನ ಉಸಿರೂ ನಿಂತಿರುವುದು ನನಗೆ ಗೊತ್ತಾಯಿತು. “ಹತ್ತು. ಬಿಡು!” ಅವಳು ಬುಸ್ಸೆಂದು ಬಿಟ್ಟಳು. ಕೆಮ್ಮಲಿಲ್ಲ.

“ಮುಟ್ತಾ?” ಎಂದರು ಅತ್ತೆ.

“ಮುಟ್ತು” ಎಂದಳು ಮಗಳು, ಎದೆಯ ಮೇಲೆ ಕೈಯಿಟ್ಟುಕೊಂಡು.

ಯಜಮಾನರು ಬ್ಯಾಗು ಸಿದ್ಧಮಾಡಿ ಹೊರಬಂದರು. ರಜೆ ಇನ್ನೂ ಮೂರು ದಿನವಿತ್ತು. ಅತ್ತೆ ನನ್ನ ಕಡೆ ನೋಡದೆ, “ಕರ್ಕೊಂಡೋಗವ್ವ. ನಿನ್ನ ಮಗು” ಎಂದರು. ನಾನು ಬ್ಯಾಗಿನಿಂದ ಮಗಳ ಬಟ್ಟೆ ತೆಗೆದು ಮತ್ತೆ ಮನೆಯೊಳಗೆ ಇಟ್ಟುಬಂದೆ. “ಮೂರು ದಿನ ಬಿಟ್ಟು ನೀವೇ ಕರ್ಕೊಂಡು ಬನ್ನಿ ಅತ್ತೆ. ಕಣದ ಕಡೆಯ ಕಿಟಕಿ ಮಾತ್ರ ಮುಚ್ಚಿರಲಿ.” ಯಜಮಾನರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕಡೆ ನೋಡಿದೆ. ಬಾಯಿ ಮುಚ್ಚಿದರು. ನಮ್ಮ ದಾಂಪತ್ಯದಲ್ಲಿ ಅದು ಅಪರೂಪ, ಆದ್ದರಿಂದ ನೆನಪಿದೆ.

ಬಸ್ಸಿನಲ್ಲಿ ಅವರು ಕೇಳಿದರು, “ಧೈರ್ಯ ಇದೆಯಾ ನಿಂಗೆ?” ಇತ್ತು. ಅಭ್ಯಾಸದ ಬಲದಿಂದ ಮದ್ದು ಕೊಡುವವರನ್ನು ನಂಬುವುದು ಬೇರೆ, ಅದು ಎಲ್ಲಿಗೆ ಹೋಗುತ್ತಿದೆ ಎಂದು ಕಂಡುಕೊಂಡು ಕೊಡುವವರನ್ನು ನಂಬುವುದು ಬೇರೆ. ಕಿಟಕಿಯಾಚೆ ನಾಲೆಯೊಂದು ಕವಲೊಡೆದು ಕೊಯ್ದ ಗದ್ದೆಗಳ ನಡುವೆ ಸಣ್ಣಗಾಗುತ್ತ ಹೋಗುತ್ತಿತ್ತು. ಆವತ್ತು ಅದನ್ನು ಮೊದಲ ಸಲ ನೋಡಿದವಳಂತೆ ನೋಡಿದೆ.

ಮೂರು ದಿನದ ಮೇಲೆ ಅತ್ತೆ ಮೊಮ್ಮಗಳನ್ನು ಕರೆದುಕೊಂಡು ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರು. ಕೊಳವೆ ಅವರ ವಿಭೂತಿಯ ಪೆಟ್ಟಿಗೆಯೊಳಗಿತ್ತು, ಮಡಿಬಟ್ಟೆಯ ಚೂರಿನಲ್ಲಿ ಸುತ್ತಿ. ಮಗಳ ಕತ್ತಿನ ಗುಳಿ ಅಲುಗದೆ ಇತ್ತು.

ಇದಾಗಿ ಎರಡು ಮೂರು ವರ್ಷಕ್ಕೆ, ಹೊಸ ಶತಮಾನ ಕಾಲಿಟ್ಟ ಮೇಲೆ, ಇನ್ನೊಂದು ಡಿಸೆಂಬರಿನಲ್ಲಿ ನಾನು ನರಸೀಪುರದ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಮಗಳು ಪಕ್ಕದ ಕಣದಾಚೆ ಕುಂಟೆಬಿಲ್ಲೆ ಆಡುತ್ತಿದ್ದಳು. ನಡುವೆ ಎರಡು ಸಲ ನೆಗಡಿಗೆ ಉಬ್ಬಸ ಕಾಣಿಸಿಕೊಂಡು ಮನೆಯಲ್ಲೇ ಇಳಿದಿತ್ತು, ಆಸ್ಪತ್ರೆಯ ಮೆಟ್ಟಿಲು ಮತ್ತೆ ಹತ್ತಿರಲಿಲ್ಲ. ಜಗಲಿಯಲ್ಲಿ ಅತ್ತೆ ಯಾರೊಂದಿಗೋ ಜೋರಾಗಿ ಮಾತಾಡುತ್ತಿದ್ದರು. ಇಣುಕಿದೆ. ಎದುರು ಮನೆಯ ಸೊಸೆ, ಕಂಕುಳಲ್ಲಿ ಮಗು, ಕೈಯಲ್ಲಿ ನಮ್ಮದೇ ತರದ ಒಂದು ಕೊಳವೆ. ಅತ್ತೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬರೆಯುತ್ತಿದ್ದರು. ಮೊದಲು ಚುಕ್ಕಿಗಳನ್ನಿಟ್ಟುಕೊಂಡು, ಅವುಗಳ ನಡುವೆ ಎಳೆ ಇಳಿಸುತ್ತಿದ್ದರು. ಮೊದಲ ಕವಲಿನ ಒಂದು ಗೆರೆ ಅಗಲ, ಇನ್ನೊಂದು ಸಣ್ಣ.

“ಅಭ್ಯಾಸ ಆಗೋಯ್ತದಂತಲ್ಲ ದೊಡ್ಡವ್ವ?” ಎಂದಳು ಎದುರು ಮನೆಯವಳು.

“ಯಾವಳಂಗಂದೋಳು? ತೂಬು ಅಭ್ಯಾಸ ಆಯ್ತದಾ ಗದ್ದೆಗೆ? ಇಲ್ನೋಡು. ಇದು ಬಲದಂಡೆ. ಇದು ಎಡದಂಡೆ, ಅನ್ನದ್ದು. ಜೇನುತುಪ್ಪ ಗೀನುತುಪ್ಪ ಅಂತ ಇದಕ್ಕೆ ಬುಟ್ಟೀಯ ಮತ್ತೆ. ನಾ ಕಂಡಿದೀನಿ ಅಂತೋರ್ನ” ಎಂದರು ಅತ್ತೆ.

ಅವರೆಕಾಯಿಯ ಸಿಪ್ಪೆಯನ್ನು ಸದ್ದಾಗದಂತೆ ಕೆಳಗಿಟ್ಟೆ. ಅತ್ತೆ ಕವಲಿನ ಮೇಲೆ ಕವಲು ಬರೆಯುತ್ತ ಹೋದರು. ಪುಡಿ ತೀರಿದಾಗ ತಲೆಯೆತ್ತದೆ ನನ್ನನ್ನು ಕೂಗಿದರು:

“ಇನ್ನೊಂಚೂರು ಪುಡಿ ತತ್ತಾರವ್ವ. ಕೊನೇ ಗದ್ದೆ ಇನ್ನೂ ಬಂದಿಲ್ಲ.”